ಲಂಟಾನದ ಪಕ್ಕದಲ್ಲಿ ಬೀಜ ಬಿತ್ತುವುದೋ, ಸಸಿ ನೆಡುವುದೋ?

ಲಂಟಾನ ಎಂಬ ಕಳೆ ಪೊದೆಯ ಉದುರೆಲೆ ಮಳೆಗೆ ನೆನೆದಾಗ, ಬೇರೆ ಗಿಡಗಳ ಬೆಳವಣಿಗೆ ತಡೆಯುವ ಫೀನಾಲಿಕ್ ಆಮ್ಲಗಳು ಮಣ್ಣಿಗಿಳಿಯುತ್ತವೆ. ಮೊದಲ ಏಟು ಬೀಳುವುದು ಎಳೆ ಬೇರಿನ ತುದಿಗೆ. ಹಾಗಾಗಿ ಬಿತ್ತನೆಯಲ್ಲಿ ಅಪಾಯ ಹೆಚ್ಚು: ಬೀಜ ಮೊಳೆತರೂ ಬೇರು ಮೊಂಡಾಗಿ, ತುದಿ ಕಂದಿ, ಮೇಲ್ಮಣ್ಣು ಒಣಗುತ್ತಲೇ ಮೊಳಕೆ ಸಾಯುತ್ತದೆ. ಬೇರು ಬಲಿತ ಸಸಿ ಆ ಘಟ್ಟ ದಾಟಿರುತ್ತದೆ; ಖರ್ಚು, ಕೆಲಸ ಮಾತ್ರ ಜಾಸ್ತಿ.

ನಿರ್ಧರಿಸುವ ಮುನ್ನ ದಯವಿಟ್ಟು ಪರೀಕ್ಷಿಸಿ. 5 ಗ್ರಾಂ ಒಣ ಉದುರೆಲೆಯನ್ನು 100 ಮಿ.ಲೀ. ನೀರಲ್ಲಿ 24 ಗಂಟೆ ನೆನೆಸಿ, ಸೋಸಿ. ಕಾಗದ ಹಾಸಿದ ತಟ್ಟೆಗಳಲ್ಲಿ 25ರಂತೆ ಬೀಜವಿಟ್ಟು, ಕೆಲವಕ್ಕೆ ಈ ರಸ, ಕೆಲವಕ್ಕೆ ಬರೀ ನೀರು ಹಾಕಿ. 7ನೇ ದಿನ ಮೊಳಕೆ ಎಣಿಸಿದರೆ ಸಾಲದು, ಬೇರಿನ ಉದ್ದ ಅಳೆಯಿರಿ. ಎಲೆ ಅತಿಯಾದರೆ ರಸದ ಸಾಂದ್ರತೆಯೇ ಬೀಜ ನೀರು ಹೀರದಂತೆ ತಡೆದು ಫಲಿತಾಂಶ ಕೆಡುತ್ತದೆ. ಇನ್ನೊಂದು ಮಾತು: ಮಣ್ಣಿನ ಸೂಕ್ಷ್ಮಜೀವಿಗಳು ಈ ಆಮ್ಲಗಳನ್ನು ಒಡೆಯುವುದರಿಂದ ತಟ್ಟೆಯಲ್ಲಿ ಸೋತ ಬೀಜ ನೆಲದಲ್ಲಿ ಗೆಲ್ಲಬಹುದು. ಅದೇ ಜಾಗದ ಮಣ್ಣು ತುಂಬಿದ ಕುಂಡದಲ್ಲೂ ಬಿತ್ತಿ ನೋಡಿ.

ಕುಂಡದಲ್ಲೂ ಬೇರು ಕುಗ್ಗಿದರೆ ಸಸಿಯೇ ಸರಿ. ಗುಂಡಿಯ ಸುತ್ತಲಿನ ಉದುರೆಲೆ ಗುಡಿಸಿ ತೆಗೆಯಿರಿ. ಕುಗ್ಗದಿದ್ದರೆ ಧೈರ್ಯವಾಗಿ ಬಿತ್ತಿ. ಎರಡರಲ್ಲೂ, ಕಡಿದ ಲಂಟಾನ ಸೊಪ್ಪನ್ನು ಅಲ್ಲೇ ಮುಚ್ಚಿಗೆಯಾಗಿ ಹಾಸಬೇಡಿ.