ವಾರ್ಡಿನ ಮತವೋ, ಜೇಬಿನ ಹಣವೋ?

ಊರಿಗೆ ಒಳಿತಾಗಬೇಕು, ಆದರೆ ಸಮಯ ಕಡಿಮೆ ಎನ್ನುವವರು ಮೊದಲು ಯಾವುದಕ್ಕೆ ಗಮನ ಕೊಡಬೇಕು: ಪಂಚಾಯಿತಿಗೋ, ನಿತ್ಯದ ಖರೀದಿಗೋ? ಊರಿನಲ್ಲೇ ಇರುವವರಿಗೆ ಪಂಚಾಯಿತಿಯೇ ಮೊದಲು ಎನ್ನುತ್ತೇನೆ.

ಕರ್ನಾಟಕದ ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯಿಲ್ಲದೆ ನಡೆಯುತ್ತದೆ. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಪೈಪೋಟಿ ಬಿಗಿಯಾಗಿದ್ದರೆ ನಾಲ್ಕಾರು ಮನೆಗಳ ಮತವೇ ಫಲಿತಾಂಶವನ್ನು ತಿರುಗಿಸಬಲ್ಲದು. ಕುಡಿಯುವ ನೀರು, ಬೀದಿದೀಪ, ಚರಂಡಿಯ ಹೊಣೆ ಹೊತ್ತವರು ಈ ಸದಸ್ಯರೇ. ಆದರೆ ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಐದು ವರ್ಷ ಸುಮ್ಮನಿದ್ದರೆ ಆಗದು. ವಸತಿ ಯೋಜನೆಯ ಫಲಾನುಭವಿಗಳ ಪಟ್ಟಿ ಗ್ರಾಮಸಭೆಯ ಮುಂದೆ ಬರುತ್ತದೆ. ಸೋರುವ ಗುಡಿಸಲಿನ ಅಜ್ಜಿಯ ಹೆಸರು ಬಿಟ್ಟುಹೋಗಿದೆ ಎಂದು ಎದ್ದು ನಿಂತು ಹೇಳುವವರು ಅಲ್ಲಿ ಬೇಕೇ ಬೇಕು.

ಖರೀದಿಯ ಬಲ ಬೇರೆ ಬಗೆಯದು. ಅದು ಚುನಾವಣೆಗೆ ಕಾಯುವುದಿಲ್ಲ. ಇಳಕಲ್ ಸೀರೆಯನ್ನೇ ನೋಡಿ: ಒಡಲಿನ ಹಾಸನ್ನೂ (ಉದ್ದಕ್ಕೆ ಹಾಯುವ ನೂಲು) ಸೆರಗಿನ ಹಾಸನ್ನೂ ನೇಕಾರರು ಕೊಂಡಿ ಹಾಕಿ ಜೋಡಿಸುತ್ತಾರೆ. ವಿದ್ಯುತ್ ಮಗ್ಗದ ಅಗ್ಗದ ನಕಲಿನ ಎದುರು ಈ ಕೌಶಲ ಉಳಿಯುವುದು ಕೊಳ್ಳುವವರಿಂದ ಮಾತ್ರ. ಕೈಮಗ್ಗದ ಗುರುತು ಇದೆಯೇ ಎಂದು ಕೇಳಿ ಕೊಳ್ಳಿ. ನಂದಿನಿ ಹಾಲೂ ಅಷ್ಟೇ, ಸಹಕಾರ ಸಂಘಗಳ ಮೂಲಕ ಹಣ ಹಳ್ಳಿಗೆ ಮರಳುತ್ತದೆ.

ಆದರೂ ಕೂಲಿಕಾರನ ಜೇಬು ಜಮೀನುದಾರನ ಜೇಬಿಗೆ ಸಮವಲ್ಲ. ಮತಪೆಟ್ಟಿಗೆಯ ಮುಂದೆ ಇಬ್ಬರೂ ಸಮ. ನನ್ನ ಒಲವು ಮತದ ಕಡೆಗಿರುವುದು ಇದಕ್ಕೇ. ಬೆಂಗಳೂರಿನ ಮತದಾರರ ಪಟ್ಟಿಗೆ ಹೆಸರು ವರ್ಗಾಯಿಸಿಕೊಂಡವರಿಗೆ ಹುಟ್ಟೂರಿನಲ್ಲಿ ಮತವಿಲ್ಲ. ಅಂಥವರು ಹಬ್ಬದ ಬಟ್ಟೆ, ಬೆಲ್ಲ, ಅಕ್ಕಿಯನ್ನು ಊರಿನವರಿಂದಲೇ ನೇರವಾಗಿ ತರಿಸಿಕೊಳ್ಳಲಿ, ಚೌಕಾಸಿ ಮಾಡದೆ.