ಫ್ರೆಂಡ್ಲಿ ಕ್ರಿಕೆಟ್ ಮ್ಯಾಚ್‌ಗೆ ನೋಬಾಲ್ ಬೇಕಾ, ವೈಡ್ ಒಂದೇ ಸಾಕಾ?

ಎರಡಕ್ಕೂ ಒಂದು ರನ್ನು, ಒಂದು ಬಾಲ್ ಎಕ್ಸ್‌ಟ್ರಾ, ಅಲ್ಲಿವರೆಗೂ ಸೇಮ್. ಆದ್ರೆ ವೈಡ್‌ಗೆ ಮುಂದೆ ನುಗ್ಗಿ ಸ್ಟಂಪ್ ಆದ್ರೆ ಔಟೇ, ನೋಬಾಲ್‌ಗೆ ಬೌಲ್ಡು, ಕ್ಯಾಚು, ಸ್ಟಂಪಿಂಗು ಯಾವ್ದೂ ಇಲ್ಲ, ರನೌಟ್ ಭಯ ಮಾತ್ರ (ಫೀಲ್ಡರ್‌ಗೆ ಅಡ್ಡ ಹೋಗಿ, ಇಲ್ಲಾ ಬಾಲ್ ಎರಡು ಸಲ ಹೊಡೆದು ಔಟಾಗೋರು ಎಲ್ಲೋ ಅಪರೂಪ ಬಿಡಿ). ಒನ್‌ಡೇನಲ್ಲಿ 2015ರಿಂದ ಎಲ್ಲಾ ನೋಬಾಲ್‌ಗೂ ಫ್ರೀ ಹಿಟ್ ಬೇರೆ, ಅಂದ್ರೆ ಮುಂದಿನ ಬಾಲ್‌ಗೂ ಬೌಲ್ಡು, ಕ್ಯಾಚು ಲೆಕ್ಕಕ್ಕಿಲ್ಲ.

ನಿಮ್ಮಲ್ಲಿ ಬ್ಯಾಟಿಂಗ್ ಸೈಡಿನವ್ರೇ ಅಂಪೈರ್ ನಿಲ್ಲೋದಾದ್ರೆ ಕಾಲಿನ ನೋಬಾಲ್ (ಬೌಲರ್ ಮುಂಗಾಲು ಕ್ರೀಸ್ ಗೆರೆ ದಾಟೋದು) ಬಿಟ್ಬಿಡಿ, ಹಿಮ್ಮಡಿ ಗಾಳಿಲಿದ್ರೂ ಕ್ರೀಸ್ ಹಿಂದೆ ಇದ್ರೆ ಸರಿನೇ, ಅದನ್ನ ಬರಿಗಣ್ಣಲ್ಲಿ ನೋಡೋಕೆ ಹೋದ್ರೆ ಆಟಕ್ಕಿಂತ ಜಗಳನೇ ಜಾಸ್ತಿ. ಸೊಂಟದ ಮೇಲಿನ ಫುಲ್‌ಟಾಸ್‌ಗೆ ಮಾತ್ರ ನೋಬಾಲ್ ಇರ್ಲೇಬೇಕು, ಪೆಟ್ಟು ಬೀಳೋದು ಅದ್ರಿಂದಾನೇ.