ಮರದ ಕೆಲಸಕ್ಕೆ ಏರಿಯಲ್ ಲಿಫ್ಟ್: ಎತ್ತರಕ್ಕಿಂತ ಮೊದಲು ನೋಡಬೇಕಾದದ್ದು

ಮರ ಸವರಲು, ಒಣಗಿದ ಕೊಂಬೆ ಇಳಿಸಲು, ಬೀಳುವಂತಿರುವ ಮರವನ್ನು ತುದಿಯಿಂದ ತುಂಡು ತುಂಡಾಗಿ ತೆಗೆಯಲು ಏರಿಯಲ್ ಲಿಫ್ಟ್ (ಕೆಲಸಗಾರರನ್ನು ಬುಟ್ಟಿಯಲ್ಲಿ ನಿಲ್ಲಿಸಿ ಮೇಲಕ್ಕೆತ್ತುವ ಯಂತ್ರ) ಕೊಳ್ಳಹೊರಟವರು ಮೊದಲು ಕೇಳುವುದು ಅದು ಎಷ್ಟು ಎತ್ತರಕ್ಕೆ ಹೋಗುತ್ತದೆ ಎಂದು. ಕಂಪನಿಗಳ ಮಾಹಿತಿ ಪತ್ರಗಳಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗುವುದೂ ಆ ಅಂಕಿಯೇ. ಲಾರಿಯ ಮೇಲೆ ಕೂರಿಸಿದ ಬೂಮ್ (ಬುಟ್ಟಿಯನ್ನು ಹೊತ್ತ ಉದ್ದನೆಯ ತೋಳು), ಬೇರೆ ಗಾಡಿಗೆ ಕಟ್ಟಿ ಎಳೆಯುವ ಟ್ರೇಲರ್ ಲಿಫ್ಟ್, ರಬ್ಬರ್ ಟ್ರ್ಯಾಕ್‌ಗಳ ಮೇಲೆ ಸಾಗುವ ಸ್ಪೈಡರ್ ಲಿಫ್ಟ್ ಎಂಬ ಮೂರು ಬಗೆಯ ಯಂತ್ರಗಳನ್ನು ಮರದ ಕೆಲಸದ ದೃಷ್ಟಿಯಿಂದಲೇ ತೂಗಿ ನೋಡಿದರೆ, ಎತ್ತರ ಮೂರನೆಯ ಪ್ರಶ್ನೆಯಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಯಂತ್ರ ಮರದ ಹತ್ತಿರ ಹೋಗಿ ತನ್ನ ಆಧಾರದ ಕಾಲುಗಳನ್ನು ನೆಲಕ್ಕೆ ಊರಲು ಸಾಧ್ಯವೇ ಎಂಬುದು ಮೊದಲ ಪ್ರಶ್ನೆ. ಅಲ್ಲಿ ನಿಂತು ಪಕ್ಕಕ್ಕೆ ಎಷ್ಟು ದೂರ ಚಾಚುತ್ತದೆ ಎಂಬುದು ಎರಡನೆಯದು.

ಎತ್ತರದ ಅಂಕಿ ಕೂಡ ಕಂಡಷ್ಟು ನೇರವಾಗಿಲ್ಲ. ‘ವರ್ಕಿಂಗ್ ಹೈಟ್’ ಎಂದು ಬರೆದಿರುವುದು ಬುಟ್ಟಿಯ ತಳ ಏರುವ ಎತ್ತರವಲ್ಲ. ಆ ಎತ್ತರಕ್ಕೆ ಒಳಗೆ ನಿಂತವರ ಕೈಗೆಟಕುವ ಅಳತೆಯೆಂದು ಸುಮಾರು 2 ಮೀಟರ್ ಸೇರಿಸಿದ ಲೆಕ್ಕ. ಗೋಡೆಗೆ ಬಣ್ಣ ಬಳಿಯುವವರಿಗೆ ಈ 2 ಮೀಟರ್ ಪೂರ್ತಿಯಾಗಿ ದಕ್ಕುತ್ತದೆ. ಚೈನ್‌ಸಾ ಹಿಡಿದವರು ಮಾತ್ರ ಭುಜದ ಮಟ್ಟದಿಂದ ಮೇಲೆ ಕೊಯ್ಯಬಾರದಾದ್ದರಿಂದ, 20 ಮೀಟರಿನ ಯಂತ್ರ ಅವರ ಪಾಲಿಗೆ 19 ಮೀಟರಿನ ಆಸುಪಾಸಿನದು. ಅದೂ ಬೂಮ್ ಹೆಚ್ಚುಕಡಿಮೆ ನೆಟ್ಟಗೆ ನಿಂತಾಗ ಮಾತ್ರ. ಪಕ್ಕಕ್ಕೆ ಬಾಗಿದಷ್ಟೂ ಎತ್ತರ ಕುಗ್ಗುತ್ತದೆ.

ಮರದಲ್ಲಿ ಕೆಲಸ ಇರುವುದು ಹೆಚ್ಚಾಗಿ ಪಕ್ಕದಲ್ಲಿಯೇ. 12 ಮೀಟರ್ ಹರಡಿಕೊಂಡ ಮರವೊಂದನ್ನು ಊಹಿಸಿಕೊಳ್ಳಿ. ಕೊಯ್ದ ಕೊಂಬೆಗಳು ಬೀಳುವ ಜಾಗವನ್ನು ಬಿಟ್ಟು ಯಂತ್ರವನ್ನು ಕೊಂಬೆಗಳ ಹಂದರದ ಅಂಚಿನಿಂದ ಒಂದು ಮೀಟರ್ ಆಚೆ ನಿಲ್ಲಿಸಿದರೆ, ಕಾಂಡವೇ 7 ಮೀಟರ್ ದೂರವಾಗುತ್ತದೆ; ಆಚೆ ಬದಿಯ ಕೊಂಬೆಯ ತುದಿ 13 ಮೀಟರ್. 7 ಮೀಟರ್ ಚಾಚುವ ಯಂತ್ರ ಈ ಮರದ ಅರ್ಧವನ್ನಷ್ಟೇ ಮುಟ್ಟುತ್ತದೆ, ಉಳಿದರ್ಧಕ್ಕೆ ಕಾಲುಗಳನ್ನು ಮಡಚಿ ಯಂತ್ರವನ್ನು ಸುತ್ತು ಹಾಕಿಸಿ ಮತ್ತೆ ನಿಲ್ಲಿಸಬೇಕು. ಹೀಗೆ ಸ್ಥಳ ಬದಲಿಸುವುದಕ್ಕೆ ಹೋಗುವ ಸಮಯವೇ ಮರದ ಕೆಲಸದಲ್ಲಿ ನಿಜವಾದ ಖರ್ಚು ಎಂಬುದನ್ನು ಕೊಳ್ಳುವ ಮೊದಲೇ ಲೆಕ್ಕ ಹಾಕಬೇಕು. ಆದ್ದರಿಂದ ಯಾವ ಎತ್ತರದಲ್ಲಿ ಬುಟ್ಟಿ ಎಷ್ಟು ದೂರ ಚಾಚುತ್ತದೆಂದು ತೋರಿಸುವ, ಕೈಪಿಡಿಯಲ್ಲಿರುವ ಚಾಚು ನಕ್ಷೆಯನ್ನು ಕೇಳಿ ಪಡೆದು, ಬುಟ್ಟಿಯಲ್ಲಿ ಒಬ್ಬರಿದ್ದಾಗಿನ ಗೆರೆ ಯಾವುದು, ಇಬ್ಬರಿದ್ದಾಗಿನ ಗೆರೆ ಯಾವುದು ಎಂದು ನೋಡುವುದು ಅಗತ್ಯ. ಎಷ್ಟೋ ಯಂತ್ರಗಳಲ್ಲಿ ಬುಟ್ಟಿಯ ಭಾರ ಹೆಚ್ಚಿದಂತೆ ಚಾಚು ಕಡಿಮೆಯಾಗುತ್ತದೆ, ಮಾಹಿತಿ ಪತ್ರದಲ್ಲಿ ಎದ್ದುಕಾಣುವುದು ಹಗುರ ಭಾರದ ಅಂಕಿ ಮಾತ್ರ. ಇಟಲಿಯ ಹಿನೋವಾ ಕಂಪನಿ ತನ್ನ ಲೈಟ್‌ಲಿಫ್ಟ್ ಯಂತ್ರಗಳಿಗೆ 17.75, 20.10 ಎಂಬಂತೆ ಹೆಸರಿಡುತ್ತದೆ: ಚುಕ್ಕಿಯ ಹಿಂದಿನದು ಎತ್ತರದ ಸುಳಿವು, ಮುಂದಿನದು ಚಾಚಿನದು, ಅಂದರೆ ಸುಮಾರು 17 ಮೀಟರ್ ಎತ್ತರ ಮತ್ತು 7.5 ಮೀಟರ್ ಚಾಚು, ಸುಮಾರು 20 ಮೀಟರ್ ಎತ್ತರ ಮತ್ತು 10 ಮೀಟರ್ ಚಾಚು. ಎರಡನ್ನೂ ಹೆಸರಿನಲ್ಲಿಯೇ ಹೇಳಿಬಿಡುವ ಈ ಕ್ರಮ ನನಗೆ ಬಹಳ ಮೆಚ್ಚುಗೆಯಾದದ್ದು.

ಲಾರಿಯ ಮೇಲಿನ ಬೂಮ್ ರಸ್ತೆ ಬದಿಯ ಮರಗಳಿಗೆ ಸರಿಸಾಟಿಯಿಲ್ಲದ ಯಂತ್ರ. ಬಂದು ನಿಲ್ಲಿಸಿ, ಔಟ್‌ರಿಗರ್ ಎಂಬ ಆಧಾರದ ಕಾಲುಗಳನ್ನು ಇಳಿಸಿ, ಕೆಲವೇ ನಿಮಿಷಗಳಲ್ಲಿ ಬುಟ್ಟಿ ಏರಿಸಬಹುದು. ಕೆಲವು ಮಾದರಿಗಳಲ್ಲಿ ಕೊಂಬೆಯ ಚೂರು ತುಂಬುವ ಡಬ್ಬಿಯೂ ಅದೇ ಲಾರಿಯ ಮೇಲಿರುತ್ತದೆ, ಹಿಂದೆ ಕೊಂಬೆಗಳನ್ನು ಚೂರು ಮಾಡುವ ಚಿಪ್ಪರ್ ಕಟ್ಟಿಕೊಂಡು ಹೋದರೆ ಇಡೀ ತಂಡದ ಸಾಮಾನು ಒಂದೇ ಗಾಡಿಯಲ್ಲಿ ಸಾಗುತ್ತದೆ. ದಿನವಿಡೀ ಸಾಲುಮರಗಳ ಕೆಲಸವೇ ಇರುವ ತಂಡ ಬೇರೆ ಯಾವುದನ್ನೂ ಯೋಚಿಸಬೇಕಿಲ್ಲ. ಆದರೆ ಮನೆಯ ಹಿತ್ತಲು, ಹುಲ್ಲುಹಾಸು, ತೋಟದ ಒಳಭಾಗ ಇವುಗಳಿಗೆ ಲಾರಿ ಹೋಗುವುದೇ ಇಲ್ಲ. ಹೋದರೂ ಮೆತ್ತನೆಯ ನೆಲದಲ್ಲಿ ಚಕ್ರ ಹೂತು, ಬೇರುಗಳ ಮೇಲಿನ ಮಣ್ಣು ಗಟ್ಟಿಯಾಗಿ, ಉಳಿಸಬೇಕೆಂದ ಮರಕ್ಕೇ ಕೇಡಾಗುತ್ತದೆ. ನೀರು ಗಾಳಿ ಇಳಿಯದಂತೆ ಒತ್ತಿಹೋದ ಮಣ್ಣಿನಲ್ಲಿ ಬೇರು ಸಾಯುವುದು ತಕ್ಷಣ ಕಾಣುವುದಿಲ್ಲ, ವರ್ಷಗಳ ಮೇಲೆ ನೆತ್ತಿ ಒಣಗತೊಡಗಿದಾಗ ಕಾಣುತ್ತದೆ.

ವಿದ್ಯುತ್ ತಂತಿಯ ವಿಷಯವೂ ಇಲ್ಲಿಯೇ ಬರಬೇಕು. ಲಾರಿ ಬೂಮ್‌ಗಳಲ್ಲಿ ಕೆಲವಕ್ಕೆ ಫೈಬರ್‌ಗ್ಲಾಸ್‌ನ ನಿರೋಧಕ ಭಾಗವಿದ್ದು, ಅವು ನಿಗದಿತ ಕಾಲಕ್ಕೊಮ್ಮೆ ವಿದ್ಯುತ್ ನಿರೋಧ ಪರೀಕ್ಷೆಗೆ ಒಳಗಾಗಬೇಕು. ಪರೀಕ್ಷೆಯ ದಾಖಲೆಯಿಲ್ಲದ ನಿರೋಧಕ ಬೂಮನ್ನು ಸಾಮಾನ್ಯ ಉಕ್ಕಿನ ಬೂಮ್ ಎಂದೇ ಎಣಿಸಬೇಕು. ದಾಖಲೆ ಸರಿಯಿದ್ದರೂ ನಿರೋಧಕ ಬೂಮ್ ತಡೆಯುವುದು ಬೂಮಿನ ಮೂಲಕ ನೆಲಕ್ಕೆ ಹರಿಯುವ ವಿದ್ಯುತ್ತನ್ನು ಮಾತ್ರ. ಬುಟ್ಟಿಯಲ್ಲಿರುವವರು ಒಂದು ಕೈಯಲ್ಲಿ ತಂತಿಗೆ ತಗುಲಿದ ಹಸಿ ಕೊಂಬೆಯನ್ನೂ ಇನ್ನೊಂದರಲ್ಲಿ ಬೇರೊಂದು ತಂತಿಯನ್ನೋ ಮರವನ್ನೋ ಮುಟ್ಟಿದರೆ ಅದು ಕಾಪಾಡದು. ಸ್ಪೈಡರ್ ಮತ್ತು ಟ್ರೇಲರ್ ಲಿಫ್ಟ್‌ಗಳು ಬಹುಮಟ್ಟಿಗೆ ಉಕ್ಕು, ಅಲ್ಯೂಮಿನಿಯಂಗಳಿಂದ ಮಾಡಿದ, ನಿರೋಧವಿಲ್ಲದ ಯಂತ್ರಗಳು. ಮರದ ಕೆಲಸದ ಸುರಕ್ಷತೆಗಾಗಿ ಇರುವ ಅಮೆರಿಕದ ಝಡ್133 ಮಾನದಂಡವು ತಂತಿ ಕೆಲಸದ ವಿಶೇಷ ತರಬೇತಿ ಇಲ್ಲದವರು 50 ಕಿಲೋವೋಲ್ಟ್‌ವರೆಗಿನ ತಂತಿಯಿಂದ ಕನಿಷ್ಠ 3.05 ಮೀಟರ್ ದೂರವಿರಬೇಕು ಎನ್ನುತ್ತದೆ. ತಂತಿಗಳ ನಡುವಿನ ಮರಗಳೇ ಮುಖ್ಯ ಕೆಲಸವಾಗಿದ್ದರೆ ನಿರೋಧಕ ಲಾರಿ ಬೂಮ್, ತರಬೇತಿ ಪಡೆದ ತಂಡ, ಅಗತ್ಯಬಿದ್ದಾಗ ವಿದ್ಯುತ್ ಕಡಿತ, ಇವು ಮೂರೂ ಬೇಕು.

ಟ್ರೇಲರ್ ಲಿಫ್ಟ್ ಅಗ್ಗ, ಸರಳ, ದುರಸ್ತಿಗೆ ಸುಲಭ. ಜೀನಿ ಕಂಪನಿಯ ಟಿಝಡ್ ಶ್ರೇಣಿಯಂಥವು ಬಾಡಿಗೆ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತವೆ. ಗಟ್ಟಿಯಾದ, ಸಮತಟ್ಟಾದ ನೆಲದಲ್ಲಿ ಮಧ್ಯಮ ಎತ್ತರದ ಮರಗಳಿಗೆ ಅದು ಸಾಕು. ಆದರೆ ಎಳೆದು ತಂದ ಗಾಡಿಯನ್ನು ಬಿಚ್ಚಿದ ಮೇಲೆ ಅದನ್ನು ಕೈಯಿಂದ ತಳ್ಳಿ ಮರದ ಬುಡಕ್ಕೆ ಒಯ್ಯುವುದು, ಅದೂ ಇಳಿಜಾರಿನಲ್ಲಿ, ಬಹಳ ತ್ರಾಸದ ಕೆಲಸ. ಆಗೀಗ ಮಾತ್ರ ಲಿಫ್ಟ್ ಬೇಕಾಗುವವರು ಇದನ್ನು ಬಾಡಿಗೆಗೆ ತರಲಿ. ಮರದ ಕೆಲಸವೇ ವೃತ್ತಿಯಾದವರು ಕೊಳ್ಳುವುದನ್ನು ನಾನು ಶಿಫಾರಸು ಮಾಡುವುದಿಲ್ಲ.

ಉಳಿದದ್ದು ಸ್ಪೈಡರ್ ಲಿಫ್ಟ್, ನನ್ನ ಆಯ್ಕೆಯೂ ಅದೇ. ಮಡಚಿಟ್ಟಾಗ ಇದರ ಸಣ್ಣ ಮಾದರಿಗಳ ಅಗಲ 80ರಿಂದ 90 ಸೆಂಟಿಮೀಟರ್ ಮಾತ್ರವಾದ್ದರಿಂದ ಸಾಮಾನ್ಯ ಗೇಟಿನೊಳಗೆ ನುಗ್ಗಿ ಹಿತ್ತಲಿಗೆ ಹೋಗುತ್ತದೆ. ಅಗಲವಾದ ಟ್ರ್ಯಾಕ್‌ಗಳ ಮೇಲೆ ಭಾರ ಹರಡುವುದರಿಂದ ಹುಲ್ಲಿಗೂ ಬೇರಿಗೂ ಆಗುವ ಪೆಟ್ಟು ಕಡಿಮೆ. ಪ್ರತಿ ಕಾಲನ್ನೂ ಬೇರೆ ಬೇರೆ ಎತ್ತರಕ್ಕೆ ಇಳಿಸಬಹುದಾದ್ದರಿಂದ ಏರುತಗ್ಗಿನ ನೆಲದಲ್ಲಿಯೂ ಯಂತ್ರವನ್ನು ಸಮಮಟ್ಟಕ್ಕೆ ತರಬಹುದು, ನಾಲ್ಕೂ ಕಾಲುಗಳು ನೆಲಕ್ಕೆ ಭಾರ ಕೊಡುವವರೆಗೆ ಬೂಮ್ ಮೇಲೇಳದಂತೆ ತಡೆಯುವ ವ್ಯವಸ್ಥೆಯೂ ಇರುತ್ತದೆ. ಯುರೋಪಿನಲ್ಲಿ ಶಿಲೀಂಧ್ರ ರೋಗದಿಂದ, ಉತ್ತರ ಅಮೆರಿಕದಲ್ಲಿ 2002ರಲ್ಲಿ ಪತ್ತೆಯಾದ ಎಮರಾಲ್ಡ್ ಆಶ್ ಬೋರರ್ ಎಂಬ ಕೊರಕ ಹುಳುವಿನಿಂದ ಆಶ್ ಮರಗಳು ಗುಂಪುಗುಂಪಾಗಿ ಸತ್ತಾಗ ಈ ಯಂತ್ರಗಳ ಮಹತ್ವ ಮರ ಹತ್ತುವವರಿಗೆ ಚೆನ್ನಾಗಿ ಅರಿವಾಯಿತು. ಹಾಗೆ ಸತ್ತ ಆಶ್ ಬೇಗ ಪೆಡಸಾಗುತ್ತದೆ. ಹಗ್ಗ ಹಾಕಿದ ಕವಲೇ ಮುರಿದು ಬೀಳಬಹುದಾದ ಮರವನ್ನು ಯಾರೂ ಹತ್ತಬಾರದು, ಯಾರನ್ನೂ ಹತ್ತಿಸಬಾರದು.

ಸ್ಪೈಡರ್ ಲಿಫ್ಟ್ ಆರಿಸುವಾಗ ಬೂಮಿನ ರಚನೆಯನ್ನು ಗಮನವಿಟ್ಟು ನೋಡಬೇಕು. ಉದ್ದಕ್ಕೆ ಚಾಚುವ ಒಂದೇ ಬೂಮ್ ಇದ್ದರೆ ಅದು ನೇರ ಗೆರೆಯಲ್ಲಿ ಮಾತ್ರ ಹೋಗುತ್ತದೆ, ನಡುವೆ ಕೊಂಬೆ ಅಡ್ಡ ಬಂದರೆ ಅಲ್ಲಿಗೇ ನಿಲ್ಲಬೇಕು. ಕೆಳಗೆ ಮೇಲಕ್ಕೇಳುವ ಮಡಿಕೆಯ ತೋಳು, ಅದರ ಮೇಲೆ ಉದ್ದವಾಗುವ ಬೂಮ್, ತುದಿಯಲ್ಲಿ ಬುಟ್ಟಿಯನ್ನು ಮೇಲೆ ಕೆಳಗೆ ಆಡಿಸುವ ಚಿಕ್ಕ ಜಿಬ್, ಇಷ್ಟಿದ್ದರೆ ಕೆಳಗಿನ ಕೊಂಬೆಗಳನ್ನು ದಾಟಿ ಮೇಲೆ ಹೋಗಿ ಒಳಕ್ಕೆ ಬಾಗಬಹುದು. ಜಿಬ್ ಇಲ್ಲದ ಯಂತ್ರವನ್ನು ಮರದ ಕೆಲಸಕ್ಕೆ ಕೊಳ್ಳಲೇಬಾರದು ಎಂಬಷ್ಟು ಇದು ಮುಖ್ಯ ಎನ್ನುತ್ತೇನೆ. ಹೈಡ್ರಾಲಿಕ್ ಪೈಪುಗಳು, ವೈರುಗಳು ಬೂಮಿನ ಒಳಗೆ ಸಾಗುತ್ತವೆಯೋ ಹೊರಗೆ ಜೋತುಬಿದ್ದಿವೆಯೋ ನೋಡಿ. ಹೊರಗಿನ ಪೈಪಿಗೆ ರೆಂಬೆ ಸಿಕ್ಕಿ ಕಿತ್ತುಬರುತ್ತದೆ. ಬುಟ್ಟಿಯ ಲಿವರ್‌ಗಳಿಗೆ ಕೊಂಬೆ ತಗುಲಿದರೂ ಯಂತ್ರ ಅಲುಗದಂತೆ ಕಾಪು ಮತ್ತು ಕಾಲಿನಿಂದ ಒತ್ತಿ ಹಿಡಿಯಬೇಕಾದ ಪೆಡಲ್ ಇರಬೇಕು. ಎಂಜಿನ್ ಜೊತೆಗೆ ಬ್ಯಾಟರಿಯೂ ಇರುವ ಮಾದರಿ ಸಿಕ್ಕರೆ ಒಳ್ಳೆಯದು, ಏಕೆಂದರೆ ಸದ್ದಿಲ್ಲದ ಯಂತ್ರದಲ್ಲಿ ನೆಲದಲ್ಲಿರುವವರ ಕೂಗು ಮೇಲಿನವರಿಗೆ ಕೇಳಿಸುತ್ತದೆ.

ಕಾಲೂರುವ ನೆಲದ ಲೆಕ್ಕವನ್ನು ಪ್ರತಿ ಮರದ ಬಳಿಯೂ ಮಾಡಬೇಕು. ಬೂಮ್ ಒಂದು ಬದಿಗೆ ಪೂರ್ತಿ ಚಾಚಿದಾಗ ಆ ಬದಿಯ ಒಂದೇ ಕಾಲಿನ ಮೇಲೆ 2 ಟನ್ ಭಾರ ಬಂತೆನ್ನಿ. ಆ ಕಾಲಿನ ಪಾದ 20 ಸೆಂಟಿಮೀಟರ್ ವ್ಯಾಸದ್ದಾಗಿದ್ದರೆ ನೆಲದ ಪ್ರತಿ ಚದರ ಸೆಂಟಿಮೀಟರಿನ ಮೇಲೆ 6 ಕಿಲೋಗೂ ಹೆಚ್ಚು ಒತ್ತಡ ಬೀಳುತ್ತದೆ, ಹಸಿ ಮಣ್ಣು ಅದನ್ನು ತಾಳಲಾರದು. ಅದೇ ಕಾಲಿನಡಿ 60 ಸೆಂಟಿಮೀಟರ್ ಚೌಕದ ದಪ್ಪ ಹಲಗೆ ಇಟ್ಟರೆ ಒತ್ತಡ ಅರ್ಧ ಕಿಲೋದ ಆಸುಪಾಸಿಗೆ ಇಳಿಯುತ್ತದೆ. ಯಂತ್ರದ ಜೊತೆ ಬರುವ ಪ್ಯಾಡ್‌ಗಳು ಚಿಕ್ಕವಾಗಿದ್ದರೆ ದೊಡ್ಡವನ್ನು ಅಂದೇ ಕೊಳ್ಳಬೇಕು. ಚರಂಡಿ ಮುಚ್ಚಳ, ಹೊಸದಾಗಿ ಮುಚ್ಚಿದ ಗುಂಡಿ, ಶೌಚದ ಟ್ಯಾಂಕ್, ಟೊಳ್ಳಾದ ಬೇರಿನ ಜಾಗ ಇವುಗಳ ಮೇಲೆ ಎಷ್ಟು ದೊಡ್ಡ ಹಲಗೆ ಇಟ್ಟರೂ ಕಾಲೂರಬಾರದು.

ಬುಟ್ಟಿಯ ಸಾಮರ್ಥ್ಯ ಸಾಮಾನ್ಯವಾಗಿ 200 ಕಿಲೋದಿಂದ 230 ಕಿಲೋ. ಇಬ್ಬರು, ಇಬ್ಬರ ಹಾರ್ನೆಸ್ (ಮೈಗೆ ಕಟ್ಟಿಕೊಳ್ಳುವ ಸುರಕ್ಷಾ ಪಟ್ಟಿ), ಎರಡು ಗರಗಸ, ಹಗ್ಗ ಎಂದು ಕೂಡುತ್ತ ಹೋದರೆ ಇದು ಬೇಗ ಮುಗಿಯುತ್ತದೆ. 40 ಸೆಂಟಿಮೀಟರ್ ದಪ್ಪದ ಹಸಿ ಕೊಂಬೆಯ ಒಂದೇ ಮೀಟರ್ ತುಂಡು 110ರಿಂದ 125 ಕಿಲೋ ತೂಗಬಲ್ಲದು. ಅದು ಬುಟ್ಟಿಯ ಮೇಲೆ ಬಿದ್ದರೆ ಅಥವಾ ಬುಟ್ಟಿಗೆ ಆನಿಸಿ ಇಳಿಸಹೋದರೆ ಆಗುವುದೇನೆಂದು ವಿವರಿಸಬೇಕಿಲ್ಲ. ಬೂಮ್ ಲಿಫ್ಟ್ ಎಂದರೆ ಕ್ರೇನ್ ಅಲ್ಲ, ಅದಕ್ಕೆ ಕೊಂಬೆ ಕಟ್ಟಿ ಇಳಿಸಬಾರದು. ಪಕ್ಕದ ಎಳೆತಕ್ಕೂ ಮಿತಿಯಿದೆ: ಇಂಥ ಲಿಫ್ಟ್‌ಗಳಿಗಾಗಿ ಇರುವ ಯುರೋಪಿನ ಇಎನ್ 280 ಮಾನದಂಡದಲ್ಲಿ ಲೆಕ್ಕಕ್ಕೆ ಹಿಡಿಯುವ ಕೈಬಲ ಒಬ್ಬರಿಗೆ 200 ನ್ಯೂಟನ್, ಅಂದರೆ ಸುಮಾರು 20 ಕಿಲೋ ಭಾರದಷ್ಟು. ಸಿಕ್ಕಿಕೊಂಡ ಕೊಂಬೆಯನ್ನು ಮೈಬಲವೆಲ್ಲ ಹಾಕಿ ಜಗ್ಗುವಾಗ ಈ ಮಿತಿ ದಾಟುವುದು ಗೊತ್ತೇ ಆಗುವುದಿಲ್ಲ. ಹೊರಾಂಗಣದಲ್ಲಿ ಬಳಸುವ ಹೆಚ್ಚಿನ ಯಂತ್ರಗಳಿಗೆ ಗಾಳಿಯ ಮಿತಿ ಸೆಕೆಂಡಿಗೆ 12.5 ಮೀಟರ್, ಗಂಟೆಗೆ 45 ಕಿಲೋಮೀಟರ್. ಎಲೆ ತುಂಬಿದ ಕೊಂಬೆ ಕೈಯಲ್ಲಿದ್ದಾಗ ಅದಕ್ಕಿಂತ ಬಹಳ ಮೊದಲೇ ಕೆಳಗಿಳಿಯಬೇಕು. ಬೂಮಿಗೆ ಕೊಂಬೆ ಬಡಿದರೆ ಬುಟ್ಟಿ ಚಿಮ್ಮಿ ಒಳಗಿನವರನ್ನು ಹೊರಗೆಸೆಯಬಹುದಾದ್ದರಿಂದ, ಪೂರ್ತಿ ಮೈಯ ಹಾರ್ನೆಸನ್ನು ಗಿಡ್ಡ ಹಗ್ಗದಿಂದ ಬುಟ್ಟಿಯ ಕೊಂಡಿಗೇ ಕಟ್ಟಿರಬೇಕು.

ಕೊಳ್ಳುವ ಮೊದಲು ಮಾರಾಟಗಾರರ ಅಂಗಳದಲ್ಲಿ ಬೂಮ್ ಎತ್ತಿ ಇಳಿಸಿ ತೋರಿಸಿದ್ದನ್ನು ನಂಬಿ ಮುಂಗಡ ಕೊಡಬೇಡಿ. ನಿಮಗೆ ಬರುವ ಕೆಲಸದಲ್ಲಿ ಅತಿ ಕಷ್ಟದ್ದೆನಿಸುವ ಮರದ ಬಳಿಗೇ ಯಂತ್ರವನ್ನು ತರಿಸಿ, ಗೇಟು ದಾಟಿಸಿ, ಕಾಲೂರಿ, ಆಚೆ ಬದಿಯ ಕೊಂಬೆಯ ತುದಿಗೆ ಬುಟ್ಟಿ ಮುಟ್ಟಿಸಿ ತೋರಿಸಲು ಹೇಳಿ. ಅಲ್ಲಿಯೇ ಎಂಜಿನ್ ನಿಲ್ಲಿಸಿ, ನೆಲದಲ್ಲಿರುವವರೊಬ್ಬರು ತುರ್ತು ಪಂಪಿನಿಂದ ಬುಟ್ಟಿಯನ್ನು ಕೆಳಗಿಳಿಸುವುದನ್ನೂ ಮಾಡಿಸಬೇಕು; ಆ ಪಂಪಿನ ಹಿಡಿ ಎಲ್ಲಿದೆಯೆಂದು ಹುಡುಕಬೇಕಾದ ಯಂತ್ರ, ಎಷ್ಟು ಒಳ್ಳೆಯದಾದರೂ, ಆ ತಂಡದ ಕೈಗೆ ಇನ್ನೂ ಸಿದ್ಧವಾಗಿಲ್ಲ. ಬಿಡಿ ಭಾಗಗಳು ಮತ್ತು ಮೆಕ್ಯಾನಿಕ್ ಎಷ್ಟು ದಿನದಲ್ಲಿ ಸಿಗುತ್ತಾರೆ ಎಂಬುದಕ್ಕೆ ಬರಹದಲ್ಲಿ ಉತ್ತರ ಪಡೆಯುವುದು ಒಳ್ಳೆಯದು.

ಬಳಸಿದ ಯಂತ್ರವಾದರೆ ಓಡಿದ ಗಂಟೆಗಳಿಗಿಂತ ತಪಾಸಣೆಯ ದಾಖಲೆಗೆ ಹೆಚ್ಚು ಬೆಲೆ ಕೊಡಿ. ಬೂಮನ್ನು ಪೂರ್ತಿ ಉದ್ದ ಮಾಡಿಸಿ, ಒಂದರೊಳಗೊಂದು ಜಾರುವ ಭಾಗಗಳ ಸಂದಿಯಲ್ಲಿ ಬೆರಳಾಡಿಸಿ: ಮರದ ಪುಡಿ ಗ್ರೀಸಿನೊಂದಿಗೆ ಕಲಸಿ ಗಟ್ಟಿಯಾಗಿದ್ದರೆ ಒಳಗಿನ ಪ್ಯಾಡ್‌ಗಳು ಸವೆದಿರುತ್ತವೆ, ಬುಟ್ಟಿಯನ್ನು ಪಕ್ಕಕ್ಕೆ ತಳ್ಳಿದರೆ ಆ ಸಡಿಲ ಕೈಗೆ ತಿಳಿಯುತ್ತದೆ. ಬೆಸುಗೆಯ ಅಂಚುಗಳಲ್ಲಿ ಕೂದಲೆಳೆಯಂಥ ಬಿರುಕು, ಬೂಮಿನ ಮೇಲೆ ಕೊಂಬೆ ಬಿದ್ದ ತಗ್ಗು, ಆ ತಗ್ಗಿನ ಮೇಲೆ ಮಾತ್ರ ಹೊಸ ಬಣ್ಣ, ಇವುಗಳಲ್ಲಿ ಯಾವುದು ಕಂಡರೂ ಬೆಲೆ ಎಷ್ಟೇ ಇಳಿಸಿದರೂ ಬಿಟ್ಟು ಬನ್ನಿ. ಕೊನೆಗೆ ಬುಟ್ಟಿಯನ್ನು ಅರ್ಧ ಎತ್ತರದಲ್ಲಿ ನಿಲ್ಲಿಸಿ, ನೆಲದಿಂದ ಅದರ ತಳಕ್ಕೆ ಅಳತೆ ತೆಗೆದುಕೊಂಡು, ಎಂಜಿನ್ ಆರಿಸಿ ಅರ್ಧ ಗಂಟೆ ಕಾಯಿರಿ. ಅಳತೆ ಎದ್ದುಕಾಣುವಷ್ಟು ಕಡಿಮೆಯಾಗಿದ್ದರೆ ಸಿಲಿಂಡರಿನ ಸೀಲು ಅಥವಾ ಭಾರ ಹಿಡಿದಿಡುವ ವಾಲ್ವ್ ಸೋರುತ್ತಿದೆ ಎಂದರ್ಥ, ಅದನ್ನು ಸರಿಪಡಿಸಿ ಮತ್ತೆ ಪರೀಕ್ಷಿಸಿ ತೋರಿಸುವವರೆಗೆ ಯಾರೂ ಆ ಬುಟ್ಟಿ ಹತ್ತಬಾರದು.